ಎರವಲು ಅಂಗಿಯ ರಾಜ

ಮಕ್ಕಳೇ, "ಮ್ಯಾಕ್‌ಬೆತ್ ರಾಜನನ್ನು ಏಕೆ ಕೊಂದನು?" ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ "ದುರಾಸೆಯಿಂದ" ಎಂದು ಬರೆದು ಒಂದು ಅಂಕ ಪಡೆಯಬಹುದು. ಉತ್ತರ ತಪ್ಪೇನಲ್ಲ. ಆದರೆ ಅದೇ ಉತ್ತರ ಹೇಳಲು ಶೇಕ್ಸ್‌ಪಿಯರ್ ಐದು ಅಂಕಗಳ ನಾಟಕವನ್ನೇ ಬರೆದ. ಒಂದು ಪದದಲ್ಲಿ ಮುಗಿಯುವ ವಿಷಯಕ್ಕೆ ಅಷ್ಟು ಶ್ರಮ ಏಕೆ ಬೇಕಿತ್ತು? ಆಸೆ ಯಾರಿಗಿಲ್ಲ? ದುರಾಸೆಯವರೂ ಊರಿಗೆ ನೂರು ಜನ ಸಿಗುತ್ತಾರೆ. ಅವರೆಲ್ಲ ಕತ್ತಿ ಹಿಡಿಯುವುದಿಲ್ಲ. ಹಾಗಿದ್ದರೆ ಇವನೊಬ್ಬ ಏಕೆ ಹಿಡಿದ?

ದುರಂತ ನಾಟಕ ಓದುವಾಗ ನಿಜವಾದ ಪ್ರಶ್ನೆ ಇದೇ. ಏನಾಯಿತು ಎಂಬುದನ್ನು ಗೈಡು ಪುಸ್ತಕ ಹೇಳುತ್ತದೆ. ಏಕೆ ಮಾಡಿದ ಎಂಬುದನ್ನು ನಾವೇ ಹುಡುಕಬೇಕು. ಆ ಹುಡುಕಾಟಕ್ಕೆ ಒಂದು ಕೀಲಿಕೈ ನಿಮ್ಮ ಕನ್ನಡ ವ್ಯಾಕರಣದ ಪುಸ್ತಕದಲ್ಲೇ ಇದೆ. ಅದರ ಹೆಸರು ಅಲಂಕಾರ.

"ಅಜ್ಜಿಯ ಕೂದಲು ಹತ್ತಿಯಂತೆ ಬೆಳ್ಳಗಿದೆ" ಎಂದರೆ ಕೂದಲು ಉಪಮೇಯ, ಹತ್ತಿ ಉಪಮಾನ, 'ಅಂತೆ' ಉಪಮಾವಾಚಕ, ಬಿಳುಪು ಸಮಾನಧರ್ಮ. 'ಅಂತೆ' ಬಿಟ್ಟು ಎರಡನ್ನೂ ಒಂದೇ ಎಂದರೆ ಅದು ರೂಪಕ. ಇಷ್ಟನ್ನು ಎಂಟನೆಯ ತರಗತಿಯ ಹುಡುಗಿಯೂ ಗಡಗಡನೆ ಹೇಳುತ್ತಾಳೆ. ಇದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಿ: ಮಾತಾಡುವವನು ಈ ಉಪಮಾನವನ್ನೇ ಏಕೆ ಆರಿಸಿಕೊಂಡ?

ಇಬ್ಬರು ಹುಡುಗರು ಒಂದೇ ದಿನ ಹೊಸ ಶಾಲೆಗೆ ಸೇರಿದರು ಎನ್ನಿ. ಸಂಜೆ ಕೇಳಿದರೆ ಒಬ್ಬ "ಜಾತ್ರೆ ಇದ್ದ ಹಾಗಿತ್ತು" ಅನ್ನುತ್ತಾನೆ, ಇನ್ನೊಬ್ಬ "ಜೈಲಿದ್ದ ಹಾಗಿತ್ತು" ಅನ್ನುತ್ತಾನೆ. ಶಾಲೆ ಒಂದೇ. ಹೋಲಿಕೆ ನಮಗೆ ತಿಳಿಸಿದ್ದು ಶಾಲೆಯ ವಿಷಯವನ್ನಲ್ಲ, ಹುಡುಗರ ಮನಸ್ಸನ್ನು. ನಾಟಕದಲ್ಲೂ ಹೀಗೆಯೇ. ಮಾತು ಮುಚ್ಚಿಡುವುದನ್ನು ಹೋಲಿಕೆ ಬಿಚ್ಚಿಡುತ್ತದೆ. ಈ ವಾರ ಈ ಸೂತ್ರವನ್ನು ಹಿಡಿದು ಮ್ಯಾಕ್‌ಬೆತ್‌ನ ಮನಸ್ಸಿನೊಳಗೆ ಹೋಗಿ ಬರೋಣ.

ನೆಪಗಳನ್ನೆಲ್ಲ ತೆಗೆದು ಹಾಕಿದ ಕವಿ

ಶೇಕ್ಸ್‌ಪಿಯರ್ ಈ ನಾಟಕವನ್ನು ಬರೆದದ್ದು 1606ರ ಸುಮಾರಿಗೆ. ಅದು ಅಚ್ಚಾದದ್ದು ಅವನು ತೀರಿಕೊಂಡು ಏಳು ವರ್ಷವಾದ ಮೇಲೆ, 1623ರಲ್ಲಿ. ಅವನ ದುರಂತ ನಾಟಕಗಳಲ್ಲೆಲ್ಲ ಇದೇ ಚಿಕ್ಕದು.

ಸ್ಕಾಟ್ಲೆಂಡಿನಲ್ಲಿ ಮ್ಯಾಕ್‌ಬೆತ್ ಎಂಬ ರಾಜ ನಿಜವಾಗಿಯೂ ಇದ್ದ. 1040ರಿಂದ 1057ರವರೆಗೆ ಹದಿನೇಳು ವರ್ಷ ಆಳಿದ. ಅವನಿಗಿಂತ ಮುಂಚೆ ಆಳಿದ ಡಂಕನ್ ಮುದುಕನಾಗಿರಲಿಲ್ಲ, ಹಾಸಿಗೆಯಲ್ಲಿ ಕೊಲೆಯಾಗಲೂ ಇಲ್ಲ. ಅವನು ಸತ್ತದ್ದು ಯುದ್ಧದಲ್ಲಿ. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡದ್ದು ಹಾಲಿನ್‌ಶೆಡ್ ಎಂಬವನ ಚರಿತ್ರೆಯ ಪುಸ್ತಕದಿಂದ. ಅದರಲ್ಲಿ ಡಂಕನ್ ಕೈಲಾಗದ ರಾಜ. ಮ್ಯಾಕ್‌ಬೆತ್‌ಗೂ ಸಿಂಹಾಸನದ ಮೇಲೆ ತನ್ನದೇ ಹಕ್ಕಿನ ವಾದವಿದೆ. ಗೆಳೆಯ ಬ್ಯಾಂಕೋ ಕೂಡ ಸಂಚಿನಲ್ಲಿ ಪಾಲುದಾರ.

ಶೇಕ್ಸ್‌ಪಿಯರ್ ಇದನ್ನೆಲ್ಲ ಬದಲಿಸಿದ. ಡಂಕನ್‌ನನ್ನು ವಯಸ್ಸಾದವನು, ದಯಾಳು, ಕೊಡುಗೈ ದೊರೆ ಎಂದು ಮಾಡಿದ. ಬ್ಯಾಂಕೋನನ್ನು ಸಂಚಿನಿಂದ ಹೊರಗಿಟ್ಟ. ರಾಜ ತನ್ನ ಸರದಾರನ ಮನೆಗೆ ಅತಿಥಿಯಾಗಿ ಬಂದು, ಉಂಡು, ಮಲಗಿದ ರಾತ್ರಿಯೇ ಸಾಯುವಂತೆ ಮಾಡಿದ. ಏಕೆ? ಕೊಲೆಗಾರನಿಗೆ ಹೇಳಿಕೊಳ್ಳಲು ಒಂದು ನೆಪವೂ ಉಳಿಯಬಾರದು ಎಂದು. ನೆಪಗಳೆಲ್ಲ ಹೋದಮೇಲೆ ಉಳಿಯುವುದೇ ನಿಜವಾದ ಕಾರಣ.

"ಮಾಟಗಾತಿಯರು ಹೇಳಿದರಲ್ಲ, ಅದಕ್ಕೇ ಮಾಡಿದ" ಎಂದು ಕೆಲವರು ಬರೆಯುತ್ತಾರೆ. ಗಮನಿಸಿ ನೋಡಿ. ಯುದ್ಧ ಗೆದ್ದು ಬರುತ್ತಿದ್ದ ಮ್ಯಾಕ್‌ಬೆತ್‌ಗೂ ಬ್ಯಾಂಕೋಗೂ ಆ ಮೂವರು ಹೆಂಗಸರು ದಾರಿಯಲ್ಲಿ ಸಿಕ್ಕರು. ಮ್ಯಾಕ್‌ಬೆತ್ ಕಾಡರ್ ಪ್ರಾಂತದ ಒಡೆಯನಾಗುತ್ತಾನೆ, ಮುಂದೆ ರಾಜನಾಗುತ್ತಾನೆ ಎಂದರು. ಬ್ಯಾಂಕೋನ ಸಂತಾನ ರಾಜ್ಯ ಆಳುತ್ತದೆ ಎಂದರು. "ಕೊಲ್ಲು" ಎಂದು ಯಾರಿಗೂ ಹೇಳಲಿಲ್ಲ. ಇಬ್ಬರೂ ಕೇಳಿದ್ದು ಒಂದೇ ಬಾಯಿಂದ, ಒಂದೇ ಗಳಿಗೆಯಲ್ಲಿ. ಬ್ಯಾಂಕೋ ಎಚ್ಚರಗೊಂಡ. ಕೇಡು ಮಾಡಬೇಕೆನ್ನುವವರು ಮೊದಲು ಚಿಕ್ಕ ವಿಷಯದಲ್ಲಿ ನಿಜ ಹೇಳಿ, ಆಮೇಲೆ ದೊಡ್ಡ ವಿಷಯದಲ್ಲಿ ನಮ್ಮನ್ನು ಹಳ್ಳಕ್ಕೆ ತಳ್ಳುತ್ತಾರೆ ಎಂಬ ಅರ್ಥದ ಮಾತನ್ನೂ ಆಡಿದ. ಮ್ಯಾಕ್‌ಬೆತ್ ಬೆಚ್ಚಿಬಿದ್ದ. ಯಾರೂ ಹೇಳದ ಕೊಲೆಯ ಯೋಚನೆ ಆಗಲೇ ಅವನ ತಲೆಯಲ್ಲಿ ಸುಳಿದಿತ್ತು. ಕಿಡಿ ಬಿದ್ದದ್ದು ಇಬ್ಬರ ಮೇಲೂ. ಒಣಹುಲ್ಲು ಇದ್ದದ್ದು ಒಬ್ಬನಲ್ಲಿ.

ಅಂಗಿ, ಪೈರು, ಲೆಕ್ಕ

ಈಗ ಹೋಲಿಕೆಗಳ ಜಾಡು ಹಿಡಿಯೋಣ. ಕಾಡರ್‌ನ ಹಳೆಯ ಒಡೆಯ ರಾಜದ್ರೋಹ ಮಾಡಿ ಸಿಕ್ಕಿಬಿದ್ದಿದ್ದ. ಅವನ ಪದವಿಯನ್ನು ರಾಜ ನಿನಗೆ ಕೊಟ್ಟಿದ್ದಾನೆ ಎಂದು ದೂತರು ಬಂದು ಹೇಳಿದಾಗ ಮ್ಯಾಕ್‌ಬೆತ್‌ನ ಬಾಯಿಂದ ಬರುವುದು ಬಟ್ಟೆಯ ಹೋಲಿಕೆ: ಆ ಒಡೆಯ ಬದುಕಿರುವಾಗ ಎರವಲು ಉಡುಪನ್ನು ನನಗೇಕೆ ತೊಡಿಸುತ್ತೀರಿ ಎಂದು ಕೇಳುತ್ತಾನೆ. ಪಕ್ಕದಲ್ಲಿದ್ದ ಬ್ಯಾಂಕೋ ಕೂಡ ಬಟ್ಟೆಯನ್ನೇ ನೆನೆಯುತ್ತಾನೆ: ಹೊಸ ಗೌರವ ಹೊಸ ಬಟ್ಟೆಯ ಹಾಗೆ, ತೊಟ್ಟು ತೊಟ್ಟು ರೂಢಿಯಾದ ಮೇಲೆಯೇ ಮೈಗೆ ಹೊಂದುತ್ತದೆ. ದೀಪಾವಳಿಗೆ ಹೊಸ ಅಂಗಿ ತೊಟ್ಟವರಿಗೆಲ್ಲ ಇದು ಗೊತ್ತು.

ಮೊದಲ ಅಂಕದಲ್ಲಿ ಇದು ಸಣ್ಣ ಮಾತಿನಂತೆ ಕಾಣುತ್ತದೆ. ಕೊನೆಯ ಅಂಕದಲ್ಲಿ ಅದು ಮತ್ತೆ ಬರುತ್ತದೆ. ಆಗ ಮ್ಯಾಕ್‌ಬೆತ್ ರಾಜನಾಗಿದ್ದಾನೆ, ಜನರು ದೂರವಾಗಿದ್ದಾರೆ. ಒಬ್ಬ ಸರದಾರ ಅವನನ್ನು ನೋಡಿ, ರಾಜಪದವಿ ಅವನ ಮೇಲೆ ಜೋಲಾಡುತ್ತಿದೆ, ರಾಕ್ಷಸನ ನಿಲುವಂಗಿಯನ್ನು ಕದ್ದು ತೊಟ್ಟ ಕುಳ್ಳ ಕಳ್ಳನ ಹಾಗಿದ್ದಾನೆ ಎನ್ನುತ್ತಾನೆ. ಮೊದಲು ಎರವಲು ಅಂಗಿ, ಕೊನೆಗೆ ಕದ್ದ ಅಂಗಿ. ನಡುವೆ ನಡೆದದ್ದೇ ನಾಟಕ. ಈ ಬಟ್ಟೆಯ ಸಾಲು ನಾಟಕದ ಉದ್ದಕ್ಕೂ ಹರಿದಿರುವುದನ್ನು ಕ್ಯಾರೊಲಿನ್ ಸ್ಪರ್ಜನ್ ಎಂಬ ವಿದ್ವಾಂಸೆ 1935ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು.

ಎರಡನೆಯ ಸಾಲು ಬೇಸಾಯದ್ದು. ಮಾಟಗಾತಿಯರನ್ನು ಮಾತಾಡಿಸುವಾಗಲೇ ಬ್ಯಾಂಕೋ, ಕಾಲದ ಬೀಜಗಳಲ್ಲಿ ಯಾವುದು ಮೊಳೆಯುತ್ತದೆ ಎಂದು ನಿಮಗೆ ಕಾಣುವುದಾದರೆ ಹೇಳಿ ಎನ್ನುತ್ತಾನೆ. ಆಮೇಲೆ ರಾಜ ಡಂಕನ್ ಮ್ಯಾಕ್‌ಬೆತ್‌ನನ್ನು ಬರಮಾಡಿಕೊಂಡು, ನಿನ್ನನ್ನು ನೆಟ್ಟಿದ್ದೇನೆ, ಚೆನ್ನಾಗಿ ಬೆಳೆಸುತ್ತೇನೆ ಎನ್ನುತ್ತಾನೆ. ತಂದೆಯಂಥ ಮಾತು. ಬ್ಯಾಂಕೋನನ್ನು ಅಪ್ಪಿಕೊಂಡಾಗ ಅವನು ಅದೇ ಹೋಲಿಕೆಯಲ್ಲಿ, ನಾನು ಬೆಳೆದರೆ ಸುಗ್ಗಿ ನಿಮ್ಮದೇ ಎಂದು ಉತ್ತರಿಸುತ್ತಾನೆ. ನೆಟ್ಟವನಿಗೇ ಪೈರು ಸೇರಬೇಕು ಎಂಬ ನ್ಯಾಯ ಅವನ ನಾಲಗೆಗೆ ತಾನಾಗಿ ಬಂತು. ಮ್ಯಾಕ್‌ಬೆತ್‌ನ ಬಾಯಲ್ಲಿ ಆ ಹೋಲಿಕೆ ಬರುವುದಿಲ್ಲ. ಅವನು ಆಡುವುದು ಋಣದ ಮಾತು: ಸೇವೆ ನನ್ನ ಮೇಲಿನ ಋಣ, ಸೇವೆ ಮಾಡಿದ್ದರಲ್ಲೇ ಅದರ ಸಂಬಳವೂ ಸಂದಿತು.

ಇಲ್ಲಿಂದ ಮೂರನೆಯ ಸಾಲು, ಲೆಕ್ಕಪತ್ರದ್ದು. ಬಿ.ಕಾಂ. ಓದಿ ಬ್ಯಾಂಕಿನ ಲೆಡ್ಜರುಗಳ ಮುಂದೆ ವಯಸ್ಸು ಸವೆಸಿದವನ ಕಣ್ಣಿಗೆ ಇದು ಬೀಳದೆ ಇರುವುದಿಲ್ಲ. ಡಂಕನ್ ಮ್ಯಾಕ್‌ಬೆತ್‌ನ ಕೋಟೆಗೆ ಬಂದಾಗ ಲೇಡಿ ಮ್ಯಾಕ್‌ಬೆತ್ ಬಾಗಿಲಲ್ಲಿ ನಿಂತು ಸ್ವಾಗತಿಸುತ್ತಾಳೆ. ನಮ್ಮ ಆಳುಕಾಳು, ಆಸ್ತಿ, ನಾವೂ ಎಲ್ಲ ನಿಮ್ಮ ಲೆಕ್ಕದಲ್ಲೇ ಇದ್ದೇವೆ, ಯಾವಾಗ ಬೇಕಾದರೂ ಆಡಿಟ್ ಮಾಡಿಸಿ, ನಿಮ್ಮದನ್ನು ನಿಮಗೆ ಒಪ್ಪಿಸುತ್ತೇವೆ ಎಂಬ ಅರ್ಥದಲ್ಲಿ ಮಾತಾಡುತ್ತಾಳೆ. ಎಂಥ ಪ್ರಾಮಾಣಿಕತೆ! ಆದರೆ ಆ ರಾತ್ರಿಯೇ ಅವನನ್ನು ಮುಗಿಸುವ ಯೋಜನೆ ಅವಳ ತಲೆಯಲ್ಲಿ ಸಿದ್ಧವಾಗಿದೆ. ಅತಿಥಿಯನ್ನು ಕಂಡಾಗ ಸಂತೋಷದ ಮಾತು ಬರಬೇಕು. ಇಲ್ಲಿ ಲೆಕ್ಕದ ಮಾತು ಬಂತು. ಕೇಳುವ ಮೊದಲೇ "ಲೆಕ್ಕ ಸರಿಯಾಗಿದೆ, ನೋಡಿಕೊಳ್ಳಿ" ಎನ್ನುವ ಖಾತೆಯನ್ನೇ ಮೊದಲು ನೋಡಬೇಕು. ಪಾಪ, ಡಂಕನ್ ನೋಡಲಿಲ್ಲ. ಆ ರಾತ್ರಿ ಅವಳಿಗೆ ಒಂದು ವಜ್ರವನ್ನೂ ಕಳಿಸಿಕೊಟ್ಟು ಮಲಗಿದ.

ಆ ರಾತ್ರಿಯ ಎರಡು ಉತ್ತರಗಳು

ಈಗ ನಾಟಕದ ನಟ್ಟನಡುವಿನ ಗಂಟಿಗೆ ಬರೋಣ. ಅದು ಮೊದಲ ಅಂಕದ ಏಳನೆಯ ದೃಶ್ಯದಲ್ಲಿದೆ. ಒಳಗೆ ರಾಜನಿಗೆ ಔತಣ ನಡೆಯುತ್ತಿದೆ. ಮ್ಯಾಕ್‌ಬೆತ್ ಎದ್ದು ಹೊರಗೆ ಬಂದು ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಕೊಲ್ಲಬಾರದು ಎನ್ನುವುದಕ್ಕೆ ಅವನು ತನಗೆ ತಾನೇ ಕೊಟ್ಟುಕೊಳ್ಳುವ ಕಾರಣಗಳು ಇವು: ಡಂಕನ್ ನನ್ನ ನೆಂಟ, ನನ್ನ ದೊರೆ, ನನ್ನ ಅತಿಥಿ. ಬಾಗಿಲು ಕಾಯಬೇಕಾದ ನಾನೇ ಚೂರಿ ಹಿಡಿಯುವುದೇ? ಮೇಲಾಗಿ ಅವನು ಒಳ್ಳೆಯ ರಾಜ. ಅವನ ಗುಣಗಳು ದೇವದೂತರಂತೆ ಕಹಳೆ ಊದಿ ಸಾರುತ್ತವೆ. ಕರುಣೆ ಈಗ ತಾನೇ ಹುಟ್ಟಿದ ಕೂಸಿನಂತೆ ಗಾಳಿಯನ್ನೇರಿ ಬಂದು ಎಲ್ಲರ ಕಣ್ಣಲ್ಲೂ ನೀರು ತರಿಸುತ್ತದೆ. ಕೊನೆಗೆ ತನ್ನ ಆಸೆಯನ್ನು ಕುದುರೆ ಸವಾರನಿಗೆ ಹೋಲಿಸುತ್ತಾನೆ: ಜೀನಿನ ಮೇಲೆ ಕೂರಲು ಜಿಗಿದವನು, ಜಿಗಿತ ಹೆಚ್ಚಾಗಿ ಆಚೆ ಬದಿಗೆ ಬೀಳುತ್ತಾನಲ್ಲ, ಹಾಗೆ.

ನೋಡಿ, ಇವನಿಗೆ ಎಲ್ಲವೂ ಗೊತ್ತು. ಪಾಪ ಎಂದು ಗೊತ್ತು, ಕೆಳಗೆ ಬೀಳುತ್ತೇನೆ ಎಂದೂ ಗೊತ್ತು. ಕೇಡಿಗನ ಮನಸ್ಸಿಗೆ ಹುಟ್ಟಿದ ಕೂಸಿನ ಹೋಲಿಕೆ ಬರುವುದಿಲ್ಲ. ಇವನ ಒಳಗೆ ಮೆತ್ತನೆಯ ಮನುಷ್ಯನೊಬ್ಬ ಇನ್ನೂ ಬದುಕಿದ್ದಾನೆ.

ಅಷ್ಟರಲ್ಲಿ ಹೆಂಡತಿ ಬರುತ್ತಾಳೆ. "ಈ ವಿಷಯ ಇಲ್ಲಿಗೇ ಬಿಡೋಣ" ಎನ್ನುತ್ತಾನೆ. ಒಳ್ಳೆಯದು. ಆದರೆ ಅವಳಿಗೆ ಯಾವ ಕಾರಣ ಕೊಡುತ್ತಾನೆ? ನೆಂಟ, ದೊರೆ, ಅತಿಥಿ ಎಂಬ ಮಾತೇ ಇಲ್ಲ. ಕರುಣೆಯ ಸುದ್ದಿ ಇಲ್ಲ. ರಾಜ ನನಗೆ ಈಗಷ್ಟೇ ಗೌರವ ಕೊಟ್ಟಿದ್ದಾನೆ, ಜನರ ಬಾಯಲ್ಲಿ ಒಳ್ಳೆಯ ಹೆಸರು ಬಂದಿದೆ, ಅದರ ಹೊಸ ಮಿರುಗು ಇರುವಾಗಲೇ ತೊಟ್ಟು ಓಡಾಡಬೇಕು, ಇಷ್ಟು ಬೇಗ ಬಿಚ್ಚಿ ಎಸೆಯುವುದೇ ಎನ್ನುತ್ತಾನೆ. ಮತ್ತೆ ಅಂಗಿ!

ಒಬ್ಬನೇ ಇದ್ದಾಗ ದೇವದೂತರು, ಕೂಸು. ಹೆಂಡತಿಯ ಎದುರು ಹೊಸ ಬಟ್ಟೆ. ನಿಜವಾದ ಕಾರಣ ಹೇಳಲು ಅವನಿಗೆ ನಾಚಿಕೆ. ಕರುಣೆ ಬಂತು ಎಂದರೆ ಇವಳು ನನ್ನನ್ನು ಹೇಡಿ ಎಂದುಕೊಂಡಾಳು ಎಂಬ ಅಂಜಿಕೆ. ಮ್ಯಾಕ್‌ಬೆತ್ ಸೋಲುವುದು ಇಲ್ಲಿ. ಚೂರಿ ಆಮೇಲೆ ಬಂತು. ಗಟ್ಟಿ ಕಾರಣವನ್ನು ಒಳಗೇ ಬಚ್ಚಿಟ್ಟು ಬರೀ ತೋರಿಕೆಯ ಕಾರಣ ಮುಂದಿಟ್ಟ. ತೋರಿಕೆಯ ಕಾರಣವನ್ನು ಮುರಿಯುವುದು ಎಷ್ಟು ಹೊತ್ತಿನ ಕೆಲಸ?

ಅವಳು ಕ್ಷಣದಲ್ಲಿ ಮುರಿದಳು. ನೀನು ತೊಟ್ಟುಕೊಂಡಿದ್ದ ಆಸೆ ಕುಡಿದು ಮಲಗಿತ್ತೇ ಎಂದು ಅವನ ಬಟ್ಟೆಯ ಹೋಲಿಕೆಯನ್ನೇ ತಿರುಗಿಸಿ ಹೊಡೆದಳು. ಮೀನು ಬೇಕು, ಆದರೆ ಕಾಲು ಒದ್ದೆಯಾಗಬಾರದು ಎನ್ನುವ ಗಾದೆಯ ಬೆಕ್ಕಿಗೆ ಹೋಲಿಸಿದಳು. ಕೊಲ್ಲಲು ಧೈರ್ಯ ಮಾಡಿದಾಗ ನೀನು ಗಂಡಸಾಗಿದ್ದೆ ಎಂದಳು. ಮಾತು ಕೊಟ್ಟಿದ್ದರೆ ನಾನು ಹಾಲು ಕುಡಿಯುವ ಕೂಸನ್ನೂ ಬಿಡುತ್ತಿರಲಿಲ್ಲ ಎಂದಳು. ಗಂಡನ ಮನಸ್ಸಿನಲ್ಲಿ ಕರುಣೆ ಕೂಸಾಗಿ ಬಂದಿತ್ತು. ಹೆಂಡತಿ ತನ್ನ ಮಾತಿನಲ್ಲಿ ಆ ಕೂಸನ್ನೇ ಕೊಂದಳು. "ಅಕಸ್ಮಾತ್ ಸೋತರೆ?" ಎಂದು ಅವನು ಕೇಳುತ್ತಾನೆ. ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿದೆ. "ಮಾಡಬಹುದೇ?" ಎಂಬುದು ಹೋಗಿ "ಆಗುತ್ತದೆಯೇ?" ಎಂಬುದು ಉಳಿದಿದೆ.

ಮಕ್ಕಳೇ, ಈ ದೃಶ್ಯಕ್ಕೆ ಸ್ಕಾಟ್ಲೆಂಡಿನ ಕೋಟೆಯೇ ಬೇಕಾಗಿಲ್ಲ. ತುಂಬಿದ ಕೆರೆಯ ದಂಡೆ ಸಾಕು. "ಹಾರೋ, ಹೆದರುಪುಕ್ಕಲ!" ಎಂದು ಗೆಳೆಯರು ಕೂಗಿದಾಗ "ಅಮ್ಮ ಬೈತಾಳೆ", "ಬಟ್ಟೆ ಒದ್ದೆಯಾಗುತ್ತೆ" ಎನ್ನುತ್ತೇವೆಯೇ ಹೊರತು "ಈಜು ಬರುವುದಿಲ್ಲ, ಮುಳುಗುತ್ತೇನೆ" ಎಂಬ ನಿಜವಾದ ಕಾರಣ ಹೇಳುವುದಿಲ್ಲ. ಸುಳ್ಳು ಕಾರಣಕ್ಕೆ ಎದುರು ಜವಾಬು ಸುಲಭ. ನಿಜವಾದ ಕಾರಣವನ್ನು ಗಟ್ಟಿಯಾಗಿ ಹೇಳಿದರೆ ಎದುರಿನವರೂ ಒಂದು ಕ್ಷಣ ನಿಲ್ಲುತ್ತಾರೆ.

ಹಾಲು ಮತ್ತು ನೀರು

ಹಾಗಾದರೆ ಎಲ್ಲ ತಪ್ಪೂ ಹೆಂಡತಿಯದೇ? ಅಜ್ಜಂದಿರು ಬೇಗ ಹೂಂ ಎನ್ನಬೇಡಿ, ಅಜ್ಜಿಯರು ಪಕ್ಕದಲ್ಲೇ ಇದ್ದಾರೆ! ಅವಳ ಹೋಲಿಕೆಗಳನ್ನೂ ನೋಡಬೇಕು.

ಗಂಡನ ಕಾಗದ ಓದಿದಾಗ ಅವಳಿಗೆ ಬಂದ ಅಂಜಿಕೆ, ಇವನ ಸ್ವಭಾವದಲ್ಲಿ ಮನುಷ್ಯಸಹಜ ದಯೆಯ ಹಾಲು ಹೆಚ್ಚಾಗಿದೆಯಲ್ಲ ಎಂದು. ಹಾಲಿನಂಥ ಮನಸ್ಸು ಎಂದು ನಾವು ಹೊಗಳುವುದನ್ನು ಅವಳು ಕೊರತೆ ಎಂದು ಎಣಿಸಿದಳು. ಆಮೇಲೆ ಕತ್ತಲೆಯ ಶಕ್ತಿಗಳನ್ನು ಕರೆದು, ನನ್ನ ಹೆಣ್ಣುತನವನ್ನು ಕಿತ್ತುಕೊಳ್ಳಿ, ನನ್ನ ಎದೆಯ ಹಾಲನ್ನು ಕಹಿ ಪಿತ್ತವಾಗಿಸಿ ಎಂದು ಬೇಡುತ್ತಾಳೆ. ಯೋಚಿಸಿ: ಕ್ರೂರಿಯಾಗಿಯೇ ಹುಟ್ಟಿದ್ದರೆ ಕ್ರೌರ್ಯವನ್ನು ಬೇಡಿ ಪಡೆಯಬೇಕಿತ್ತೇ? ಬೇಡುವುದು ನಮ್ಮಲ್ಲಿ ಇಲ್ಲದ್ದನ್ನು. ರಾತ್ರಿ ಡಂಕನ್‌ನ ಕೋಣೆಗೆ ಹೋದಾಗ, ಮಲಗಿದ್ದ ಅವನು ತನ್ನ ತಂದೆಯಂತೆ ಕಂಡದ್ದರಿಂದ ಅವಳ ಕೈ ಏಳಲಿಲ್ಲ. ಅವಳದೂ ಎರವಲು ಅಂಗಿಯೇ.

ಕೊಲೆಯಾದ ಕೂಡಲೇ ಇಬ್ಬರೂ ನೀರಿನ ಮಾತಾಡುತ್ತಾರೆ. ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋಗದು, ಸಮುದ್ರವೇ ಕೆಂಪಾದೀತು ಎನ್ನುತ್ತಾನೆ. ಅವಳು, ಸ್ವಲ್ಪ ನೀರು ಸಾಕು, ತೊಳೆದುಹೋಗುತ್ತದೆ ಎನ್ನುತ್ತಾಳೆ. ಐದನೆಯ ಅಂಕದಲ್ಲಿ ಇದು ತಲೆಕೆಳಗಾಗುತ್ತದೆ. ನಿದ್ದೆಯಲ್ಲಿ ನಡೆದಾಡುತ್ತ ಕೈ ಉಜ್ಜಿ ಉಜ್ಜಿ ತೊಳೆಯುವವಳು ಅವಳೇ. ಅರೇಬಿಯಾದ ಸುಗಂಧವೆಲ್ಲ ಸೇರಿದರೂ ಈ ಪುಟ್ಟ ಕೈಯ ರಕ್ತದ ವಾಸನೆ ಹೋಗುವುದಿಲ್ಲ ಎಂದು ನರಳುತ್ತಾಳೆ. ಚೊಂಬು ನೀರು ಸಾಕು ಎಂದವಳಿಗೆ ಕೊನೆಗೆ ಸಮುದ್ರ ಕಂಡಿತು. ಸಮುದ್ರವನ್ನು ಕಂಡಿದ್ದವನು, ರಕ್ತದ ಹೊಳೆಯಲ್ಲಿ ಇಷ್ಟು ದೂರ ನಡೆದು ಬಂದಿದ್ದೇನೆ, ಹಿಂದೆ ಹೋಗುವುದೂ ಮುಂದೆ ಹೋಗುವುದೂ ಒಂದೇ ಕಷ್ಟ ಎಂದು ಮುಂದೆ ಮುಂದೆ ನಡೆದ.

ಅವನು ಹೇಗೆ ಬದಲಾದ ಎಂಬುದಕ್ಕೆ ಒಂದು ಗುರುತು ಹೇಳುತ್ತೇನೆ. ಮೂರನೆಯ ಅಂಕದಲ್ಲಿ ಬ್ಯಾಂಕೋನನ್ನು ಕೊಲ್ಲಿಸಲು ಇಬ್ಬರು ಬಾಡಿಗೆಯವರನ್ನು ಕರೆಸುತ್ತಾನೆ. ಅವರ ಎದುರು ನಾಯಿಗಳ ಹೋಲಿಕೆ ತೆಗೆಯುತ್ತಾನೆ: ಬೇಟೆ ನಾಯಿ, ಕಂತ್ರಿ ನಾಯಿ, ಎಲ್ಲಕ್ಕೂ ನಾಯಿ ಎಂದೇ ಹೆಸರು. ಹಾಗೆಯೇ ನೀವೂ ಪಟ್ಟಿಯಲ್ಲಿ ಗಂಡಸರು, ಆದರೆ ಎಂಥ ಗಂಡಸರು? ಹೆಂಡತಿ ಅವನಿಗೆ ಚುಚ್ಚಿದ ಮುಳ್ಳನ್ನೇ ಕಿತ್ತು ಇವರಿಗೆ ಚುಚ್ಚುತ್ತಿದ್ದಾನೆ. ಹಂಗಿಸಿಕೊಂಡವನು ಹಂಗಿಸುವುದನ್ನು ಕಲಿತ. ಮನೆಯಲ್ಲಿ, ಶಾಲೆಯಲ್ಲಿ ಈ ಮುಳ್ಳು ಹೇಗೆ ಕೈಯಿಂದ ಕೈಗೆ ದಾಟುತ್ತದೆ ಎಂಬುದು ದೊಡ್ಡವರಾದ ನಮಗೂ ಗೊತ್ತಿರುವ ವಿಷಯವೇ.

ಆ ಬ್ಯಾಂಕೋನನ್ನು ಕೊಲ್ಲಿಸಲು ಕಾರಣವೂ ಒಂದು ಬೇಸಾಯದ ಹೋಲಿಕೆಯಲ್ಲೇ ಇದೆ. ತನ್ನ ತಲೆಯ ಮೇಲಿರುವುದು ಫಲವಿಲ್ಲದ ಕಿರೀಟ, ಕೈಯಲ್ಲಿರುವುದು ಬಂಜೆ ರಾಜದಂಡ, ಬ್ಯಾಂಕೋನ ಬೀಜ ರಾಜರಾಗುವುದಕ್ಕಾಗಿ ತಾನು ಮನಸ್ಸು ಕೆಡಿಸಿಕೊಂಡೆನಲ್ಲ ಎಂದು ಕುದಿಯುತ್ತಾನೆ. ನೆಟ್ಟವನನ್ನೇ ಕಡಿದವನಿಗೆ ಈಗ ಸುಗ್ಗಿಯ ಚಿಂತೆ.

ಗಂಡಸು ಎಂದರೆ ಯಾರು?

"ನೀನು ಗಂಡಸೇ?" ಎಂಬ ಪ್ರಶ್ನೆ ಈ ನಾಟಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸರಿಯಾದ ಉತ್ತರ ಕೊಡುವವನು ಮ್ಯಾಕ್‌ಡಫ್. ಅವನು ದೂರದ ಇಂಗ್ಲೆಂಡಿನಲ್ಲಿದ್ದಾಗ ಮ್ಯಾಕ್‌ಬೆತ್ ಅವನ ಹೆಂಡತಿ ಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ. ಸುದ್ದಿ ತಿಳಿದು ಮ್ಯಾಕ್‌ಡಫ್ ಕುಸಿಯುತ್ತಾನೆ. ಪಕ್ಕದಲ್ಲಿದ್ದ ಡಂಕನ್‌ನ ಮಗ ಮಾಲ್ಕಂ, ಇದನ್ನು ಗಂಡಸಿನಂತೆ ಎದುರಿಸು ಎನ್ನುತ್ತಾನೆ. ಹಾಗೆಯೇ ಮಾಡುತ್ತೇನೆ, ಆದರೆ ಅದಕ್ಕೆ ಮೊದಲು ಗಂಡಸಿನಂತೆ ಈ ದುಃಖವನ್ನು ಅನುಭವಿಸಲೂ ಬೇಕು ಎಂದು ಮ್ಯಾಕ್‌ಡಫ್ ಉತ್ತರಿಸುತ್ತಾನೆ.

ಇದೊಂದು ಉತ್ತರ ಮೊದಲ ಅಂಕದ ಆ ರಾತ್ರಿ ಮ್ಯಾಕ್‌ಬೆತ್‌ಗೆ ಹೊಳೆದಿದ್ದರೆ ನಾಟಕವೇ ಇರುತ್ತಿರಲಿಲ್ಲ. "ಹೌದು, ನನಗೆ ಕರುಣೆ ಬಂದಿದೆ. ಅದೂ ಗಂಡಸುತನವೇ" ಎಂದು ಅವನು ಹೆಂಡತಿಗೆ ಹೇಳಬಹುದಿತ್ತು. ಹೇಳಲಾರದೆ ಹೋದ. ಆದ್ದರಿಂದ "ದುರಾಸೆ" ಎಂಬ ಉತ್ತರದ ಜೊತೆಗೆ ನಾನು ಇನ್ನೊಂದು ಸಾಲು ಸೇರಿಸುತ್ತೇನೆ: ತನ್ನ ಒಳ್ಳೆಯತನವನ್ನು ಒಪ್ಪಿಕೊಳ್ಳಲು ಅವನು ನಾಚಿಕೊಂಡ. ದುರಾಸೆ ಅವನನ್ನು ಬಾಗಿಲವರೆಗೆ ತಂದಿತು. ಒಳಗೆ ತಳ್ಳಿದ್ದು ಆ ನಾಚಿಕೆ.

ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ, ದುರಂತ ನಾಟಕ ನೋಡುವವರಲ್ಲಿ ಕರುಣೆ ಮತ್ತು ಭಯ ಎರಡೂ ಹುಟ್ಟಬೇಕು ಎಂದ. ಪೂರ್ತಿ ಕೆಟ್ಟವನು ಬಿದ್ದರೆ ಕರುಣೆ ಬರುವುದಿಲ್ಲ. ಪೂರ್ತಿ ಒಳ್ಳೆಯವನು ಬಿದ್ದರೆ ಸಿಟ್ಟು ಬರುತ್ತದೆ. ನಮ್ಮಂಥವನೇ ಒಬ್ಬ, ಗೊತ್ತಿದ್ದೂ ಗೊತ್ತಿದ್ದೂ ಬಿದ್ದರೆ "ಅಯ್ಯೋ" ಎಂಬ ಮರುಕದ ಜೊತೆಗೆ "ನಾನಾಗಿದ್ದರೆ?" ಎಂಬ ಭಯವೂ ಬರುತ್ತದೆ.

ಕೊನೆಯ ಅಂಕದಲ್ಲಿ ಅಜ್ಜ ಅಜ್ಜಿಯರು ಓದಲೇಬೇಕಾದ ಮಾತೊಂದಿದೆ. ಶತ್ರುಗಳು ಸುತ್ತುವರಿದಿದ್ದಾರೆ. ಮ್ಯಾಕ್‌ಬೆತ್ ತನ್ನ ಬಾಳನ್ನು ಹಳದಿಯಾಗಿ ಒಣಗಿದ ಎಲೆಗೆ ಹೋಲಿಸುತ್ತಾನೆ. ಮುಪ್ಪಿನ ಜೊತೆಗೆ ಬರಬೇಕಾದ ಗೌರವ, ಪ್ರೀತಿ, ಸ್ನೇಹಿತರ ಗುಂಪು ಇವು ಯಾವುವೂ ನನಗಿಲ್ಲ ಎಂದು ಲೆಕ್ಕ ಹಾಕುತ್ತಾನೆ. ಎಲೆ ಹಣ್ಣಾಗುವುದು ಪ್ರಕೃತಿಯ ನಿಯಮ. ಎಪ್ಪತ್ತು ದಾಟಿದ ನಮಗೆ ಅದರಲ್ಲಿ ಬೇಸರಪಡುವಂಥದ್ದೇನಿಲ್ಲ. ಹಣ್ಣೆಲೆಯ ಪಕ್ಕದಲ್ಲಿ ಒಂದು ಚಿಗುರೂ ಇಲ್ಲದಿರುವುದು ದುಃಖ. ಈ ಪತ್ರಿಕೆಯನ್ನು ಮೊಮ್ಮಗಳ ಜೊತೆ ಕೂತು ಓದುತ್ತಿರುವ ಅಜ್ಜ, ಸ್ಕಾಟ್ಲೆಂಡಿನ ಆ ರಾಜನಿಗಿಂತ ಶ್ರೀಮಂತ.

ಕೊನೆಗೆ ಮ್ಯಾಕ್‌ಡಫ್ ಕೈಯಲ್ಲಿ ಮ್ಯಾಕ್‌ಬೆತ್ ಸಾಯುತ್ತಾನೆ. ಆಗ ಹಳೆಯ ಹೋಲಿಕೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳುವುದನ್ನು ನೋಡಿ. ಯುದ್ಧದಲ್ಲಿ ಸತ್ತ ಯುವಕನೊಬ್ಬನ ಬಗ್ಗೆ, ಯೋಧನ ಸಾಲವನ್ನು ತೀರಿಸಿ ಹೋದ ಎನ್ನುತ್ತಾರೆ. ಹೊಸ ರಾಜ ಮಾಲ್ಕಂ, ನಿಮ್ಮ ಪ್ರೀತಿಯ ಲೆಕ್ಕವನ್ನು ಬೇಗ ಚುಕ್ತಾ ಮಾಡುತ್ತೇನೆ ಎನ್ನುತ್ತಾನೆ. ಮುಂದಿನ ಕೆಲಸಗಳನ್ನು ಕಾಲಕ್ಕೆ ತಕ್ಕಂತೆ ಹೊಸದಾಗಿ ನೆಡಬೇಕು ಎಂದೂ ಹೇಳುತ್ತಾನೆ. ತಂದೆ ಡಂಕನ್ ಬಿಟ್ಟುಹೋದ ನೆಡುವ ಮಾತು ಮಗನ ಬಾಯಿಗೆ ಬಂತು. ಲೇಡಿ ಮ್ಯಾಕ್‌ಬೆತ್ ಸುಳ್ಳಿಗೆ ಬಳಸಿದ ಲೆಕ್ಕದ ಮಾತು ನಿಜಕ್ಕೆ ಬಳಕೆಯಾಯಿತು. ರಾಜ್ಯ ಸರಿಹೋಯಿತು ಎಂಬುದನ್ನು ಕವಿ ಹೀಗೆ ಹೋಲಿಕೆಗಳಲ್ಲೇ ತಿಳಿಸಿಬಿಟ್ಟ.

ಈ ನಾಟಕ ಕನ್ನಡಕ್ಕೆ ಹೊಸದಲ್ಲ. ಡಿ.ವಿ.ಜಿ. ಅವರು ಇದನ್ನು ಕನ್ನಡಿಸಿದ್ದಾರೆ. ನಮ್ಮ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗಾಗಿ 'ಬರ್ನಂ ವನ' ಎಂಬ ಹೆಸರಿನಲ್ಲಿ, ಹಿಂದಿಯಲ್ಲಿ, ಯಕ್ಷಗಾನದ ಕುಣಿತ ಸೇರಿಸಿ ಆಡಿಸಿದರು. ಎಚ್.ಎಸ್. ಶಿವಪ್ರಕಾಶರು ಇದೇ ಕಥೆಯನ್ನು 'ಮಾರನಾಯಕನ ದೃಷ್ಟಾಂತ' ಎಂದು ನಮ್ಮ ನೆಲಕ್ಕೆ ತಂದರು. ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಜೈಲಿನ ಕೈದಿಗಳೇ ಪಾತ್ರಧಾರಿಗಳಾಗಿ ಅದನ್ನು ರಂಗದ ಮೇಲೆ ಆಡಿದ್ದಾರೆ. ಒಂದು ಗಳಿಗೆಯ ತಪ್ಪು ಉಳಿದ ಬಾಳನ್ನೆಲ್ಲ ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ವಾರದ ಮನೆಗೆಲಸ ಇದು. ಅಜ್ಜ ಅಥವಾ ಅಜ್ಜಿ ತಮಗೆ ಗೊತ್ತಿರುವ ಒಂದು ದುಃಖದ ಕಥೆ ಹೇಳಲಿ. ಕರ್ಣನದಾಗಲಿ, ದುರ್ಯೋಧನನದಾಗಲಿ, ನೋಡಿದ ನಾಟಕದ್ದಾಗಲಿ. ಮಕ್ಕಳು ಕೇಳುತ್ತ ಮೂರು ವಿಷಯ ಬರೆದುಕೊಳ್ಳಲಿ. ಒಂದು, ಆ ಪಾತ್ರ ಬೇರೆಯವರ ಎದುರು ಕೊಟ್ಟ ಕಾರಣ. ಎರಡು, ಒಬ್ಬನೇ ಇದ್ದಾಗ ಕೊಟ್ಟುಕೊಂಡ ಕಾರಣ. ಮೂರು, ಅವನ ಬಾಯಲ್ಲಿ ಮತ್ತೆ ಮತ್ತೆ ಬರುವ ಹೋಲಿಕೆ. ಮೊದಲಿನ ಎರಡು ಒಂದಕ್ಕೊಂದು ತಾಳೆಯಾಗದಿದ್ದರೆ ಮೂರನೆಯದನ್ನು ಹಿಡಿದು ಹೊರಡಿ. ಮನಸ್ಸು ಅಲ್ಲಿ ಸಿಗುತ್ತದೆ.

ಯಾರಾದರೂ ನಿಮ್ಮನ್ನು ಹಂಗಿಸಿ ಬೇಡದ ಕೆಲಸಕ್ಕೆ ಎಳೆದಾಗ ಒಳಗಿನ ಕಾರಣವನ್ನೇ ಹೊರಗೆ ಹೇಳಿ. ಬಟ್ಟೆಯ ನೆಪ ಹೇಳಬೇಡಿ.